ಕಾಡಿನ ಜಿಂಕೆ ಬೇಟೆಗೆ ಗಿಡ್ಡ ರೈಫಲ್: ನಳಿಗೆ ಎಷ್ಟು ಇಂಚು ಇರಬೇಕು?

ಅಮೆರಿಕದಲ್ಲಿ ಬಂದೂಕಿನ ಅಂಗಡಿಗೆ ಹೋಗಿ, ಜಿಂಕೆ ಬೇಟೆಗೆ ಗಿಡ್ಡ ರೈಫಲ್ ತೋರಿಸಿ ಅಂತ ಕೇಳಿದರೆ 16, 18, 20, 22 ಇಂಚಿನ ನಳಿಗೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ತೋಟಾ ಒಂದೇ, ಬೆಲೆಯಲ್ಲೂ ಅಂಥ ವ್ಯತ್ಯಾಸ ಇರುವುದಿಲ್ಲ. ಕೈಗೆತ್ತಿಕೊಂಡರೆ ಎಲ್ಲಕ್ಕಿಂತ ಗಿಡ್ಡದ್ದೇ ಹಿತವಾಗಿರುತ್ತದೆ. ಆದರೆ ಅಂಗಡಿಯೊಳಗೆ ಗೊತ್ತಾಗುವುದು ಉದ್ದ ಮತ್ತು ತೂಕ ಎರಡೇ. ಸದ್ದು, ಗುಂಡಿನ ವೇಗ, ಗುರಿ ಹಿಡಿದಾಗ ಕೈ ಎಷ್ಟು ನಿಲ್ಲುತ್ತದೆ ಅನ್ನುವುದೆಲ್ಲ ಕಾಡಿಗೆ ಹೋದಮೇಲೆ ಗೊತ್ತಾಗುವ ಸಂಗತಿಗಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಎಷ್ಟು ದೂರದಿಂದ ಗುಂಡು ಹಾರಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಆ ದೂರದಲ್ಲಿ ಗುಂಡಿಗೆ ಬೇಕಾದ ವೇಗ ಎಷ್ಟು ನೋಡಿ. ಆ ವೇಗ ಕೊಡುವ ನಳಿಗೆಗಳಲ್ಲಿ, ನಿಮ್ಮ ಕಿವಿಗೂ ಕೈಗೂ ಒಗ್ಗುವ ಅತಿ ಗಿಡ್ಡದ್ದನ್ನು ಆರಿಸಿ. ಈ ಲೆಕ್ಕ ಹಾಕಿದರೆ, ಮರಗಳ ನಡುವೆ ವೈಟ್‌ಟೇಲ್ ಜಿಂಕೆ ಬೇಟೆಯಾಡುವ ಬಹಳಷ್ಟು ಜನರಿಗೆ 18ರಿಂದ 20 ಇಂಚು ಸರಿಹೋಗುತ್ತದೆ. 16 ಇಂಚು ಕೆಲವರಿಗೆ ಮಾತ್ರ.

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಬೇಟೆ ಲೈಸೆನ್ಸ್ ಪಡೆದು, ಸೀಸನ್‌ನಲ್ಲಿ ಕಾಡಿಗೆ ಹೋಗುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ಅಲ್ಲಿಗೆ ಈ ಲೆಕ್ಕಾಚಾರ ಅನ್ವಯಿಸುವುದಿಲ್ಲ.

ಹಂತ 1: ಕಾನೂನಿನ ಗೆರೆ ಎಲ್ಲಿದೆ ನೋಡಿಕೊಳ್ಳಿ

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ರೈಫಲ್ಲಿನ ನಳಿಗೆ 16 ಇಂಚಿಗಿಂತ ಕಡಿಮೆ ಇರಬಾರದು. ಇಡೀ ರೈಫಲ್ಲಿನ ಉದ್ದ 26 ಇಂಚಿಗಿಂತ ಕಡಿಮೆ ಇರಬಾರದು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್‌ನಲ್ಲಿ ಮೊದಲು 18 ಇಂಚು ಅಂತಿತ್ತು, 1960ರಲ್ಲಿ ರೈಫಲ್‌ಗಳಿಗೆ 16ಕ್ಕೆ ಇಳಿಸಿದರು. ಇದಕ್ಕಿಂತ ಗಿಡ್ಡ ಇಟ್ಟುಕೊಳ್ಳಬೇಕಾದರೆ ಮೊದಲೇ ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು. ನೋಂದಣಿ ಇಲ್ಲದೆ ಇಟ್ಟುಕೊಂಡರೆ 10 ವರ್ಷದವರೆಗೆ ಜೈಲಾಗಬಹುದು. ಹಳೇ ರೈಫಲ್ಲಿನ ನಳಿಗೆ ಗಿಡ್ಡ ಮಾಡಿಸುವ ಆಸೆ ಇದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಹತ್ತಿರವೇ ಕೊಡಿ, ಗೆರೆಗೆ ತಾಗಿಸಿ ಕತ್ತರಿಸಲು ಹೇಳಬೇಡಿ. ಕಂಪನಿಗಳೇ 16.1 ಇಂಚು ಅಂತ ಒಂಚೂರು ಜಾಸ್ತಿ ಇಟ್ಟು ಮಾಡುತ್ತವೆ.

ಅಳತೆ ಎಲ್ಲಿಂದ ಎಲ್ಲಿಗೆ ಅನ್ನುವುದನ್ನೂ ತಿಳಿದಿರಿ. ರೈಫಲ್ ಖಾಲಿ ಇದೆ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ, ಮುಚ್ಚಿ. ಕ್ಲೀನಿಂಗ್ ರಾಡನ್ನು ನಳಿಗೆಯ ಬಾಯಿಂದ ಒಳಗೆ ಬಿಟ್ಟು, ಬೋಲ್ಟಿನ ಮುಖಕ್ಕೆ ತಾಗಿದಾಗ ಬಾಯಿಯ ಮಟ್ಟಕ್ಕೆ ಟೇಪು ಅಂಟಿಸಿ. ಹೊರಗೆ ತೆಗೆದು ಅಳೆದರೆ ಅದೇ ಕಾನೂನಿನ ಉದ್ದ. ಅಂದರೆ ತೋಟಾ ಕೂರುವ ಚೇಂಬರ್ ಕೂಡ ಈ ಅಳತೆಯೊಳಗೇ ಬರುತ್ತದೆ. .308 ವಿಂಚೆಸ್ಟರ್ ತೋಟಾದ ಕೇಸ್ (ಮದ್ದು ತುಂಬುವ ಲೋಹದ ಕೋಶ) 2 ಇಂಚಿಗಿಂತ ಒಂಚೂರು ಉದ್ದ. ಹಾಗಾಗಿ 16 ಇಂಚಿನ ನಳಿಗೆಯಲ್ಲಿ ಗುಂಡು ನಿಜವಾಗಿ ಓಡುವುದು ಸುಮಾರು 14 ಇಂಚು. ತುದಿಗೆ ಸ್ಕ್ರೂ ಮಾಡಿದ, ಒದೆತ ತಗ್ಗಿಸುವ ಬ್ರೇಕು, ಸದ್ದು ತಗ್ಗಿಸುವ ಸಪ್ರೆಸರ್ ಲೆಕ್ಕಕ್ಕೆ ಬರುವುದಿಲ್ಲ. ಬಿಚ್ಚಲಾಗದಂತೆ ವೆಲ್ಡ್ ಮಾಡಿದ್ದರೆ ಮಾತ್ರ ಸೇರುತ್ತದೆ.

ಇನ್ನೊಂದು ಮಾತು, ನಮ್ಮವರಿಗೆ ಇದು ಬಹಳ ಮುಖ್ಯ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿರುವವರು ಕೇಂದ್ರ ಕಾನೂನಿನ ಪ್ರಕಾರ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಆ ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಗೆ ಆಧಾರವೇ ಇರುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ವೀಸಾದಲ್ಲಿದ್ದು ರೈಫಲ್ ಕೊಳ್ಳುವವರು ಒಬ್ಬ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ವೀಸಾಕ್ಕೆ.

ರಾಜ್ಯಗಳ ಬೇಟೆ ನಿಯಮ ಬೇರೆಯೇ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ನಳಿಗೆ ಕನಿಷ್ಠ 16 ಇಂಚು, .24 ಕ್ಯಾಲಿಬರ್ ಇಲ್ಲವೇ ಅದಕ್ಕಿಂತ ದೊಡ್ಡ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಬೇಕು. ಒಹಾಯೊ, ಮಿಷಿಗನ್‌ನ ದಕ್ಷಿಣ ಭಾಗದಂಥ ಕಡೆ ನೇರ ಗೋಡೆಯ ಕೇಸ್ (ಬಾಯಿಯ ಹತ್ತಿರ ಕುತ್ತಿಗೆಯಂತೆ ಕಿರಿದಾಗದ್ದು) ಇರುವ ತೋಟಾಗಳಿಗೆ ಪ್ರತ್ಯೇಕ ನಿಯಮಗಳಿವೆ. ಪ್ರತಿ ವರ್ಷ ರಾಜ್ಯದ ಬೇಟೆ ಇಲಾಖೆ ಕೈಪಿಡಿ ಹೊರಡಿಸುತ್ತದೆ. ಅದನ್ನು ಓದದೆ ತೋಟಾ ಆರಿಸಬೇಡಿ.

ಹಂತ 2: ನಿಮ್ಮ ದೂರ ಎಷ್ಟು?

"ಬೇಕಾದರೆ 400 ಗಜಕ್ಕೂ ಹೊಡೆಯಬಹುದು" ಅನ್ನುವ ರೈಫಲ್ ಮೇಲೆ ಎಲ್ಲರಿಗೂ ಆಸೆ. ಆದರೆ ನೀವು ಕೂರುವ ಜಾಗದಿಂದ ಎಷ್ಟು ದೂರ ಕಾಣುತ್ತದೆ? ಪೆನ್ಸಿಲ್ವೇನಿಯಾದ ಓಕ್ ಕಾಡಿನಲ್ಲಿ, ವಿಸ್ಕಾನ್ಸಿನ್‌ನ ಉತ್ತರದ ಸೀಡರ್ ಜೌಗಿನಲ್ಲಿ 100 ಗಜ ದೂರದ ಪ್ರಾಣಿ ಕಂಡರೇ ದೊಡ್ಡದು. ನಡುವೆ ಕೊಂಬೆ, ಪೊದೆ, ಬಿದ್ದ ಮರ. ಹೊಲದ ಅಂಚಿನಲ್ಲಿ ಕೂತರೆ 200-250 ಗಜ ಸಿಗಬಹುದು. ವಯೋಮಿಂಗ್‌ನ ಬಯಲಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಬಯಲು ಪ್ರಾಣಿ) ಬೇಟೆ ಅಂದರೆ ಲೆಕ್ಕವೇ ಬೇರೆ.

ಬೇಸಿಗೆಯಲ್ಲೇ ಒಮ್ಮೆ ಆ ಜಾಗಕ್ಕೆ ಹೋಗಿ ದೂರ ಅಳೆಯುವ ರೇಂಜ್‌ಫೈಂಡರ್‌ನಿಂದ ಅಳೆದು ಬನ್ನಿ. ಕಾಣುವ ಅತಿ ದೂರದ ತೆರವು ಎಷ್ಟು ಗಜ ಅಂತ ಬರೆದಿಡಿ. ಆಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಬೆಂಚು ಬಿಟ್ಟು, ಮಂಡಿಯೂರಿ ಅಥವಾ ಕೋಲಿನ ಆಸರೆಯಲ್ಲಿ ಹೊಡೆದು ನೋಡಿ. 8 ಇಂಚಿನ ಕಾಗದದ ತಟ್ಟೆಯೊಳಗೆ ಪ್ರತಿ ಗುಂಡೂ ಬೀಳುವ ದೂರ ಎಷ್ಟು? ಈ ಎರಡು ಸಂಖ್ಯೆಗಳಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ದೂರ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

ಹಂತ 3: ತೋಟಾ ನೋಡಿ ಇಂಚು ಕಳೆಯಿರಿ

ನಳಿಗೆ ಗಿಡ್ಡವಾದರೆ ಗುರಿ ಕೆಡುತ್ತದೆ ಅನ್ನುವ ನಂಬಿಕೆ ಮಲೆನಾಡು, ಕೊಡಗಿನ ಕಡೆ ಉದ್ದ ನಳಿಗೆಯ ಕೋವಿ ನೋಡಿ ಬೆಳೆದವರಲ್ಲಿ ಗಟ್ಟಿಯಾಗಿದೆ. ಇದು ನಿಜವಲ್ಲ. ದಪ್ಪ ಒಂದೇ ಇದ್ದರೆ ಗಿಡ್ಡ ನಳಿಗೆಯೇ ಹೆಚ್ಚು ಬಿಗಿ. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಅದೇ ದಪ್ಪದ 24 ಇಂಚಿನ ನಳಿಗೆ 16 ಇಂಚಿನದಕ್ಕಿಂತ ಮೂರು ಪಟ್ಟಿಗೂ ಮೀರಿ ಬಾಗುತ್ತದೆ. ಗುರಿಯ ವಿಷಯದಲ್ಲಿ ಉದ್ದ ನಳಿಗೆಗೆ ಲಾಭ ಇರುವುದು ಸ್ಕೋಪ್ ಇಲ್ಲದೆ ಕಬ್ಬಿಣದ ಸೈಟಿನಲ್ಲಿ ಹೊಡೆಯುವಾಗ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಜಾಸ್ತಿ ಇದ್ದಷ್ಟೂ ಹೊಂದಿಸುವಾಗಿನ ತಪ್ಪು ಕಡಿಮೆ.

ಕಳೆದುಕೊಳ್ಳುವುದು ವೇಗವನ್ನು. ಮದ್ದು ಉರಿದು ಒತ್ತಡ ತುತ್ತತುದಿಗೆ ಏರುವುದು ಮೊದಲ ಕೆಲವು ಇಂಚುಗಳಲ್ಲೇ. ಆಮೇಲೆ ಹಿಗ್ಗುವ ಬಿಸಿ ಅನಿಲ ಗುಂಡನ್ನು ತಳ್ಳುತ್ತಲೇ ಇರುತ್ತದೆ. ನಳಿಗೆ ಮುಗಿದರೆ ತಳ್ಳುವುದೂ ಮುಗಿಯಿತು, ಉಳಿದ ಒತ್ತಡವೆಲ್ಲ ಸದ್ದು ಮತ್ತು ಬೆಂಕಿಯಾಗಿ ಹೊರಗೆ ಹೋಗುತ್ತದೆ. ಗುಂಡಿನ ದಪ್ಪಕ್ಕೆ ಹೋಲಿಸಿದರೆ ಮದ್ದು ಎಷ್ಟು ಜಾಸ್ತಿಯೋ ನಷ್ಟವೂ ಅಷ್ಟು ಜಾಸ್ತಿ.

ಇಂಚಿಗೆ ಎಷ್ಟು? .308 ವಿಂಚೆಸ್ಟರ್, 6.5 ಕ್ರೀಡ್‌ಮೂರ್, .30-06ಗಳಲ್ಲಿ ಸೆಕೆಂಡಿಗೆ ಸುಮಾರು 20ರಿಂದ 25 ಅಡಿ. .243, .270 ವಿಂಚೆಸ್ಟರ್‌ಗಳಲ್ಲಿ 25ರಿಂದ 30ರ ಹತ್ತಿರ. .300 ವಿಂಚೆಸ್ಟರ್ ಮ್ಯಾಗ್ನಮ್ ಥರದ ದೊಡ್ಡ ತೋಟಾಗಳಲ್ಲಿ 30 ದಾಟಬಹುದು. ಹಳೇ .30-30ಯಲ್ಲಿ 10ರಿಂದ 15 ಅಷ್ಟೇ. .350 ಲೆಜೆಂಡ್, .450 ಬುಷ್‌ಮಾಸ್ಟರ್ ಥರದ ನೇರ ಗೋಡೆಯ ತೋಟಾಗಳಿಗೆ 16-18 ಇಂಚಿನಲ್ಲೇ ಬಹುತೇಕ ಎಲ್ಲ ವೇಗ ಸಿಕ್ಕಿಬಿಡುತ್ತದೆ. .300 ಬ್ಲ್ಯಾಕ್‌ಔಟ್ ಅಂತೂ ಅದಕ್ಕಿಂತ ಗಿಡ್ಡ ನಳಿಗೆಗೇ ಹುಟ್ಟಿದ್ದು. ಇವೆಲ್ಲ ಅಂದಾಜು. ಒಂದೇ ಕಂಪನಿಯ ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೇ 50 ಅಡಿ ವ್ಯತ್ಯಾಸ ಬಂದರೆ ಆಶ್ಚರ್ಯ ಬೇಡ.

ಮ್ಯಾಗ್ನಮ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ಗಿಡ್ಡ ರೈಫಲ್ಲಿಗೆ ಅದು ಬೇಡ. .300 ವಿಂಚೆಸ್ಟರ್ ಮ್ಯಾಗ್ನಮ್ಮನ್ನು 18 ಇಂಚಿಗೆ ಇಳಿಸಿದರೆ ಸಿಗುವ ವೇಗ, ಉದ್ದ ನಳಿಗೆಯ .30-06ಗಿಂತ ಅಷ್ಟೇನೂ ಮೇಲಿರುವುದಿಲ್ಲ. ಒದೆತ, ಸದ್ದು, ತೋಟಾದ ಖರ್ಚು ಮಾತ್ರ ಪೂರ್ತಿ ಮ್ಯಾಗ್ನಮ್ಮಿನದೇ.

ಮನೆಯಲ್ಲಿ ತೋಟಾ ತುಂಬಿಕೊಳ್ಳುವವರು "ಗಿಡ್ಡ ನಳಿಗೆಗೆ ಬೇಗ ಉರಿಯುವ ಮದ್ದು ಹಾಕಬೇಕು" ಅಂತ ಕೇಳಿರುತ್ತೀರಿ. ಬೇಟೆ ರೈಫಲ್ಲುಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. 24 ಇಂಚಿನಲ್ಲಿ ಅತಿ ಹೆಚ್ಚು ವೇಗ ಕೊಡುವ ಮದ್ದೇ 18ರಲ್ಲೂ ಮುಂದಿರುತ್ತದೆ. ಬೇಗ ಉರಿಯುವ ಮದ್ದಿನಿಂದ ಸದ್ದು, ಬೆಂಕಿ ಒಂಚೂರು ತಗ್ಗಬಹುದು ಅಷ್ಟೇ.

ಹಂತ 4: ಕಳೆದ ವೇಗವನ್ನು ಗಜಕ್ಕೆ ಇಳಿಸಿ

ಸೆಕೆಂಡಿಗೆ 175 ಅಡಿ ಹೋಯಿತು ಅಂದರೆ ದೊಡ್ಡ ನಷ್ಟ ಅನಿಸುತ್ತದೆ, ಅಲ್ವಾ? ಅದು ಎಷ್ಟು ಗಜ ಅಂತ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ರೆಮಿಂಗ್ಟನ್ ಕೋರ್-ಲಾಕ್ಟ್ 150 ಗ್ರೇನ್ (ಇದು ಗುಂಡಿನ ತೂಕ) .308 ತೋಟಾ ತೆಗೆದುಕೊಳ್ಳೋಣ. ಕಂಪನಿ ಕೊಟ್ಟ ಪಟ್ಟಿ ಹೀಗಿದೆ: ನಳಿಗೆಯ ಬಾಯಲ್ಲಿ ಸೆಕೆಂಡಿಗೆ 2820 ಅಡಿ, 100 ಗಜದಲ್ಲಿ 2533, 200ರಲ್ಲಿ 2263, 300ರಲ್ಲಿ 2009, 400ರಲ್ಲಿ 1774. ಇದು 24 ಇಂಚಿನ ಪರೀಕ್ಷಾ ನಳಿಗೆಯ ಲೆಕ್ಕ. ನಿಮ್ಮದು 16 ಇಂಚು ಅಂದುಕೊಳ್ಳಿ. 8 ಇಂಚು ಕಡಿಮೆ, ಇಂಚಿಗೆ 22 ಅಂದರೆ 176 ಅಡಿ ಹೋಯಿತು. ಹೊರಡುವಾಗಲೇ 2644. ಪಟ್ಟಿಯಲ್ಲಿ ನೋಡಿ, ಮೊದಲ 100 ಗಜದಲ್ಲಿ 287 ಅಡಿ ಇಳಿದಿದೆ. ಹಾಗಾದರೆ 176 ಅಡಿ ಇಳಿಯುವುದು 60 ಗಜದ ಆಸುಪಾಸಿನಲ್ಲಿ. 24 ಇಂಚಿನ ರೈಫಲ್ ಹಿಡಿದವನಿಗಿಂತ ನೀವು ಪ್ರಾಣಿಯಿಂದ 60 ಗಜ ಹಿಂದೆ ನಿಂತಂತೆ. ಇಷ್ಟೇ ನಷ್ಟ.

ಈಗ ಇದನ್ನು ಗುಂಡಿನ ಸ್ವಭಾವಕ್ಕೆ ಜೋಡಿಸಿ. ಬೇಟೆ ಗುಂಡು ಒಳಗೆ ಹೋದಮೇಲೆ ಅರಳಬೇಕು. ಅರಳದಿದ್ದರೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಜಿಂಕೆ ಗಾಯದೊಂದಿಗೆ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಬೇಟೆಗಾರನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಸೀಸದ ಮೆತ್ತನೆ ಗುಂಡುಗಳು ಸಾಮಾನ್ಯವಾಗಿ 1800 ಅಡಿ ವೇಗದವರೆಗೆ ಅರಳುತ್ತವೆ. ಪೂರ್ತಿ ತಾಮ್ರದ ಗುಂಡುಗಳು ಗಟ್ಟಿ, ಅವುಗಳಲ್ಲಿ ಹಲವಕ್ಕೆ 2000ದ ಹತ್ತಿರ ಬೇಕು. ತಯಾರಕರು ಪ್ರತಿ ಗುಂಡಿಗೂ ಈ ಕನಿಷ್ಠ ವೇಗ ಹೇಳಿರುತ್ತಾರೆ, ಅದನ್ನೇ ಹಿಡಿಯಿರಿ.

2000 ಅಡಿಯ ಗೆರೆ ಇಟ್ಟುಕೊಂಡರೆ ಮೇಲಿನ ಪಟ್ಟಿಯ ಪ್ರಕಾರ 24 ಇಂಚಿಗೆ 300 ಗಜ, 16 ಇಂಚಿಗೆ ಸುಮಾರು 240 ಗಜ. ಹಂತ 2ರಲ್ಲಿ ನಿಮ್ಮ ದೂರ 120 ಗಜ ಅಂತ ಬಂದಿದ್ದರೆ ಈ ವ್ಯತ್ಯಾಸ ನಿಮ್ಮನ್ನು ಮುಟ್ಟುವುದೇ ಇಲ್ಲ. 280 ಅಂತ ಬಂದಿದ್ದರೆ ಮುಟ್ಟುತ್ತದೆ, 16 ಇಂಚು ಅಲ್ಲಿಗೇ ಬಿಡಿ. ಕ್ಯಾಲಿಫೋರ್ನಿಯಾದವರು ಇನ್ನಷ್ಟು ಎಚ್ಚರ ವಹಿಸಬೇಕು. 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಅಂದರೆ ತಾಮ್ರವೇ ಗತಿ, ತಾಮ್ರಕ್ಕೆ ವೇಗ ಬೇಕು. ಅಲ್ಲಿಗೆ ನಾನಾದರೆ 20 ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ.

ಗುಂಡು ಕೆಳಗೆ ಬೀಳುವ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 100 ಗಜಕ್ಕೆ ಸೈಟ್ ಹೊಂದಿಸಿದರೆ, 200 ಗಜದಲ್ಲಿ ಈ ಎರಡು ನಳಿಗೆಗಳ ನಡುವಿನ ಅಂತರ ಒಂದು ಇಂಚೂ ಇರುವುದಿಲ್ಲ.

ಹಂತ 5: ಪೈಪು ಕತ್ತರಿಸಿ ಕಾಡಿಗೆ ಒಯ್ಯಿರಿ

ಎಲ್ಲ ಹಂತಗಳಲ್ಲಿ ಇದನ್ನು ಮಾಡುವವರು ಕಡಿಮೆ, ಕಲಿಸುವುದು ಮಾತ್ರ ಬಹಳ. ಖರ್ಚೂ ಇಲ್ಲ.

ಸಾಮಾನ್ಯ ಬೋಲ್ಟ್ ರೈಫಲ್ಲಿನ ಒಟ್ಟು ಉದ್ದ ಅಂದರೆ ನಳಿಗೆಗೆ ಸುಮಾರು 20 ಇಂಚು ಸೇರಿಸಿದರೆ ಸಾಕು. 16 ಇಂಚಿನದು 36, 22 ಇಂಚಿನದು 42. ವಿಂಚೆಸ್ಟರ್ 94 ಥರದ, ಕೆಳಗಿನ ಹಿಡಿಕೆ ಎಳೆದು ತೋಟಾ ಏರಿಸುವ ಲಿವರ್ ರೈಫಲ್ ಆದರೆ 18 ಸೇರಿಸಿ. 20 ಇಂಚಿನ ನಳಿಗೆ ಇದ್ದೂ ಅದು 38 ಇಂಚು ಅಷ್ಟೇ. ಮುರಿದು ತೋಟಾ ಹಾಕುವ ಒಂಟಿ ತೋಟಾದ ರೈಫಲ್‌ಗಳಲ್ಲಿ ಇನ್ನೂ ಉಳಿತಾಯ, ಬೋಲ್ಟಿನದಕ್ಕಿಂತ 4 ಇಂಚು ಗಿಡ್ಡ. ಹಾಗಾಗಿ "ಗಿಡ್ಡ ರೈಫಲ್" ಬೇಕು ಅಂದರೆ ನಳಿಗೆಯನ್ನೇ ಗಿಡ್ಡ ಮಾಡಬೇಕಾಗಿಲ್ಲ. 20-22 ಇಂಚಿನ ನಳಿಗೆ ಇಟ್ಟುಕೊಂಡೇ ಬೇರೆ ಮಾದರಿಯ ರೈಫಲ್ ಆರಿಸಬಹುದು.

ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪು ತಂದು 42 ಇಂಚಿಗೆ ಕತ್ತರಿಸಿ. ಒಂದು ತುದಿ ಭುಜದ ಕಡೆ ಅಂತಿಟ್ಟುಕೊಂಡು 36, 38, 40 ಇಂಚಿಗೆ ಬಣ್ಣದ ಟೇಪು ಸುತ್ತಿ. ಸಪ್ರೆಸರ್ ಹಾಕುವ ಯೋಚನೆ ಇದ್ದರೆ ಅದರ 6-8 ಇಂಚನ್ನೂ ಸೇರಿಸಿ ಇನ್ನೊಂದು ಪೈಪು ಮಾಡಿ. ಬೇಟೆಗೆ ಹಾಕುವ ದಪ್ಪ ಜಾಕೆಟ್ಟು, ಕೈಗವಸು ಹಾಕಿಕೊಂಡೇ ಅಟ್ಟಣೆ ಹತ್ತಿ ಕೂರಿ.

ಎಡಗಡೆಯಿಂದ ಜಿಂಕೆ ಬಂತು ಅಂದುಕೊಂಡು ಪೈಪನ್ನು ನಿಧಾನಕ್ಕೆ ತಿರುಗಿಸಿ. ಅಟ್ಟಣೆಯ ಕಂಬಿಗೆ ಎಲ್ಲಿ ತಾಗುತ್ತದೆ? ಬಲಗಡೆಗೆ ತಿರುಗಿಸುವಾಗ ಮರದ ಕಾಂಡಕ್ಕೆ ಬಡಿಯುತ್ತದಾ? ಬಲಗೈಯವರಿಗೆ ಬಲಬದಿಯೇ ಕಷ್ಟ. ಪೊದೆಯೊಳಗೆ ಹತ್ತು ಹೆಜ್ಜೆ ನುಗ್ಗಿ ನೋಡಿ. ಹೆಗಲಿಗೆ ತಗುಲಿಸಿಕೊಂಡು ಕೊಂಬೆಯ ಕೆಳಗೆ ಬಗ್ಗಿ ನೋಡಿ, ತಲೆಯ ಮೇಲೆ ಎಷ್ಟು ಚಾಚಿದೆ ಅಂತ ಗೊತ್ತಾಗುತ್ತದೆ. 42ಕ್ಕೂ 40ಕ್ಕೂ ಬಹುಶಃ ವ್ಯತ್ಯಾಸ ತಿಳಿಯುವುದಿಲ್ಲ. 42ಕ್ಕೂ 38ಕ್ಕೂ ಖಂಡಿತ ತಿಳಿಯುತ್ತದೆ. 38ಕ್ಕೂ 36ಕ್ಕೂ ಮತ್ತೆ ಅಷ್ಟಾಗಿ ಇಲ್ಲ. ಇದಕ್ಕೇ ನಾನು 18 ಇಂಚಿನ ಕಡೆ ವಾಲುವುದು.

ಪೆಟ್ಟಿಗೆಯ ಹಾಗಿರುವ ಬ್ಲೈಂಡಿನಲ್ಲಿ (ಬೇಟೆಗಾರ ಅಡಗಿ ಕೂರುವ ಗೂಡು) ಕೂರುವವರು ಇನ್ನೊಂದನ್ನು ನೋಡಬೇಕು. ಗುರಿ ಹಿಡಿದು ಕೂತಾಗ ಪೈಪಿನ ತುದಿ ಕಿಟಕಿಯಿಂದ ಆಚೆ ಇದೆಯಾ? 16 ಇಂಚಿನದಾದರೆ ಎಷ್ಟೋ ಸಲ ಒಳಗೇ ಉಳಿಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ .308 ಹಾರಿತು ಅಂದರೆ ಕಿವಿಯ ಕಥೆ ಕೇಳುವುದೇ ಬೇಡ. ಇನ್ನೊಂದು ಅಪಾಯ, ಸ್ಕೋಪಿನಲ್ಲಿ ದಾರಿ ತೆರವಾಗಿ ಕಂಡರೂ ಒಂದೂವರೆ ಇಂಚು ಕೆಳಗಿರುವ ನಳಿಗೆಯ ಬಾಯಿ ಕಿಟಕಿಯ ಚೌಕಟ್ಟಿಗೆ ಎದುರಾಗಿರಬಹುದು. ತುದಿ ಹೊರಗಿದ್ದರೆ ಈ ಎರಡೂ ತಾಪತ್ರಯ ಇಲ್ಲ.

ಹಂತ 6: ಕಿವಿಯ ಲೆಕ್ಕ

140 ಡೆಸಿಬೆಲ್ ಮೀರಿದ ಒಂದೇ ಒಂದು ಸದ್ದು ಕಿವಿಗೆ ಖಾಯಂ ಹಾನಿ ಮಾಡಬಲ್ಲದು. ಬೇಟೆ ರೈಫಲ್ಲಿನ ಸದ್ದು 160ರ ಆಸುಪಾಸು ಅಥವಾ ಮೇಲೆ. ನಳಿಗೆ ಗಿಡ್ಡವಾದಷ್ಟೂ ಒತ್ತಡ ಜಾಸ್ತಿ ಇರುವಾಗಲೇ ಅನಿಲ ಹೊರಬರುತ್ತದೆ, ಬಾಯಿಯೂ ನಿಮ್ಮ ಮುಖಕ್ಕೆ ಹತ್ತಿರ. ಸದ್ದು ಎರಡು ಕಡೆಯಿಂದ ಏರಿತು. ಸಂಜೆಯ ಮಬ್ಬಿನಲ್ಲಿ ಬೆಂಕಿಯ ಹೊಳಪು ಕಣ್ಣು ಕುಕ್ಕುತ್ತದೆ. ಗುಂಡು ತಗುಲಿದ ಜಿಂಕೆ ಯಾವ ಕಡೆ ಓಡಿತು ಅಂತ ನೋಡಬೇಕಾದ ಗಳಿಗೆಯೂ ಅದೇ.

ಅದಕ್ಕೇ ಸಪ್ರೆಸರ್ ಇಲ್ಲದ ರೈಫಲ್ಲಿಗೆ, .308 ವರ್ಗದ ತೋಟಾ ಇದ್ದರೆ, ನನ್ನ ಸಲಹೆ 20 ಇಂಚು. ಸಪ್ರೆಸರ್ ಹಾಕುತ್ತೀರಾದರೆ 16-18. ಸಪ್ರೆಸರ್ ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್ ತಗ್ಗಿಸುತ್ತದೆ, ಒದೆತವೂ ಕಡಿಮೆಯಾಗುತ್ತದೆ. 22 ಇಂಚಿನ ನಳಿಗೆಗೆ 7 ಇಂಚು ಸೇರಿಸಿದರೆ ಒಟ್ಟು 49 ಇಂಚು, ಅದನ್ನು ಹಿಡಿದು ಕಾಡಿನಲ್ಲಿ ಓಡಾಡಲಾಗದು. 16ಕ್ಕೆ ಸೇರಿಸಿದರೆ 43, ಮಾಮೂಲಿ ರೈಫಲ್ಲಿನ ಉದ್ದವೇ ಆಯಿತು. 16 ಇಂಚಿನ ನಳಿಗೆಗೆ ನಿಜವಾದ ಜಾಗ ಇದು.

1934ರಿಂದ ಸಪ್ರೆಸರ್ ಮೇಲೆ 200 ಡಾಲರ್ ತೆರಿಗೆ ಇತ್ತು. 2026ರ ಜನವರಿ 1ರಿಂದ ಅದು ಸೊನ್ನೆ. ಆದರೆ ಅರ್ಜಿ, ಬೆರಳಚ್ಚು, ಫೋಟೊ, ಒಪ್ಪಿಗೆ ಬರುವವರೆಗೆ ಕಾಯುವುದು ಎಲ್ಲ ಹಾಗೇ ಇದೆ. ಕ್ಯಾಲಿಫೋರ್ನಿಯಾ ಸೇರಿ ಕೆಲವು ರಾಜ್ಯಗಳಲ್ಲಿ ಸಪ್ರೆಸರ್ ಇಟ್ಟುಕೊಳ್ಳುವುದೇ ಅಪರಾಧ. ಈಗಲ್ಲದಿದ್ದರೂ ಮುಂದೆ ಹಾಕುವ ಆಲೋಚನೆ ಇದ್ದರೆ ತುದಿಗೆ ಥ್ರೆಡ್ ಇರುವ ನಳಿಗೆಯನ್ನೇ ಕೊಳ್ಳಿ.

ಮಜಲ್ ಬ್ರೇಕ್ ಬಗ್ಗೆ ಒಂದೇ ಮಾತು: ಗಿಡ್ಡ ನಳಿಗೆಗೆ ಹಾಕಬೇಡಿ. ಅದು ಸದ್ದನ್ನು ಪಕ್ಕಕ್ಕೂ ಹಿಂದಕ್ಕೂ, ಅಂದರೆ ನಿಮ್ಮ ಮತ್ತು ಪಕ್ಕದಲ್ಲಿ ಕೂತ ಮಗುವಿನ ಕಿವಿಗೆ ತಿರುಗಿಸುತ್ತದೆ. ಸಪ್ರೆಸರ್ ಇರಲಿ ಬಿಡಲಿ, ಕಿವಿಗೆ ರಕ್ಷಣೆ ಬೇಕೇ ಬೇಕು. ಸಣ್ಣ ಸದ್ದು ಕೇಳಿಸಿ ದೊಡ್ಡ ಸದ್ದು ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳು ಬಂದಿವೆ. ಒಣ ಎಲೆಯ ಮೇಲೆ ಜಿಂಕೆ ಕಾಲಿಡುವ ಸದ್ದು ಅದರಲ್ಲಿ ಚೆನ್ನಾಗಿಯೇ ಕೇಳುತ್ತದೆ.

ಹಂತ 7: ತೂಕ ಮತ್ತು ಹಿಡಿತ

ತೆಳುವಾದ ಬೇಟೆ ನಳಿಗೆಯಲ್ಲಿ ತುದಿಯ ಕಡೆ ಇಂಚಿಗೆ ಸುಮಾರು ಒಂದು ಔನ್ಸ್, ಅಂದರೆ 28 ಗ್ರಾಂ ತೂಕ. ನಾಲ್ಕು ಇಂಚು ಕಡಿಮೆಯಾದರೆ 110 ಗ್ರಾಂ ಉಳಿಯಿತು. ಅಷ್ಟಕ್ಕಾಗಿ ಯಾರೂ ನಳಿಗೆ ಗಿಡ್ಡ ಮಾಡಿಸಬೇಕಿಲ್ಲ, ಸ್ಕೋಪನ್ನು ಸಣ್ಣದು ಮಾಡಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ಆದರೆ ಈ 110 ಗ್ರಾಂ ಹೋಗುವುದು ತುತ್ತತುದಿಯಿಂದ. ರೈಫಲ್ ಕೈಯಲ್ಲಿ ಕೂರುವ ರೀತಿಯೇ ಬದಲಾಗುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ. ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ಮ್ಯಾಗಜಿನ್‌ನ ಮುಂದಿನ ಅಂಚಿನ ಕೆಳಗೆ ಒಂದು ಬೆರಳಿಟ್ಟು ತೂಗಿಸಿ. ಮುಂದೆ ಒಂಚೂರು ವಾಲಿದರೆ ಒಳ್ಳೆಯದು. ಹಿಂದಕ್ಕೆ ಬಿದ್ದರೆ, ನಿಂತು ಗುರಿ ಹಿಡಿದಾಗ ತುದಿ ಸಣ್ಣಗೆ ನಡುಗುತ್ತಲೇ ಇರುತ್ತದೆ, ಓಡುವ ಉಸಿರಿನಲ್ಲಂತೂ ನಿಲ್ಲುವುದೇ ಇಲ್ಲ. ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಹಗುರ ಇದ್ದರೆ 18 ಇಂಚೂ ಮುಂದಕ್ಕೆ ವಾಲುತ್ತದೆ, ಭಾರದ ಮರದ ಸ್ಟಾಕ್ ಇದ್ದರೆ 20ಕ್ಕೂ ಕಷ್ಟ. ನಿಮ್ಮ ಸ್ಕೋಪನ್ನೂ ತೆಗೆದುಕೊಂಡು ಹೋಗಿ ಮೇಲಿಟ್ಟು ನೋಡಿ. ಅದರ ತೂಕ ಸೇರದೆ ಈ ಪರೀಕ್ಷೆಗೆ ಅರ್ಥವಿಲ್ಲ.

"ಕಾಂಪ್ಯಾಕ್ಟ್" ಅಂತ ಬರೆದ ಮಾದರಿಗಳಲ್ಲಿ ನಳಿಗೆಯ ಜೊತೆ ಸ್ಟಾಕೂ ಗಿಡ್ಡ ಇರುತ್ತದೆ. ಕುದುರೆಯಿಂದ (ಟ್ರಿಗರ್) ಬಟ್‌ನ ಕೊನೆವರೆಗಿನ ಅಳತೆ ಸಾಮಾನ್ಯ ರೈಫಲ್ಲಿನಲ್ಲಿ 13.5 ಇಂಚಿನ ಹತ್ತಿರ, ಇವುಗಳಲ್ಲಿ 12.5. ಹನ್ನೆರಡು ವರ್ಷದ ಮಗಳಿಗೋ ಕುಳ್ಳಗಿರುವವರಿಗೋ ಇದು ವರ. ಎತ್ತರದವರು ಕೊಂಡರೆ ಸ್ಕೋಪ್ ಹುಬ್ಬಿಗೆ ಬಡಿಯುತ್ತದೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಸ್ಟಾಕಿನ ಉದ್ದ ಹೆಚ್ಚುಕಡಿಮೆ ಮಾಡಲು ಬರುವ ಮಾದರಿ ಆರಿಸಿ. ರೈಫಲ್ ದೊಡ್ಡದಾಯಿತು ಅಂತ ಮಕ್ಕಳು ಹೇಳಿದರೆ ಕಾರಣ ಹೆಚ್ಚಾಗಿ ಸ್ಟಾಕೇ ಹೊರತು ನಳಿಗೆ ಅಲ್ಲ.

ಹಂತ 8: ಕೊಳ್ಳುವಾಗ

ಮರಗಳ ನಡುವೆ 150 ಗಜದೊಳಗೆ, ಸಪ್ರೆಸರ್ ಇಲ್ಲದೆ ಬೇಟೆಯಾಡುವವರಿಗೆ 20 ಇಂಚಿನ ನಳಿಗೆಯ .30-30 ಲಿವರ್ ರೈಫಲ್ ಇವತ್ತಿಗೂ ಸೊಗಸಾದ ಆಯ್ಕೆ. ವಿಂಚೆಸ್ಟರ್ 94 ಬಂದದ್ದು 1894ರಲ್ಲಿ, ಮಾರ್ಲಿನ್ 336 ಬಂದದ್ದು 1948ರಲ್ಲಿ. ಎರಡೂ 20 ಇಂಚಿನ ಸುತ್ತಲೇ ನಿಂತವು, ಜನ ಅದನ್ನು ಬದಲಾಯಿಸಿ ಅಂತ ಕೇಳಲಿಲ್ಲ. ಬೋಲ್ಟ್ ಬೇಕು ಅನ್ನುವವರಿಗೆ .308 ಅಥವಾ 7ಎಂಎಂ-08, ಸಪ್ರೆಸರ್ ಇಲ್ಲದಿದ್ದರೆ 20 ಇಂಚು, ಹಾಕುವುದಾದರೆ 18. ರೆಮಿಂಗ್ಟನ್ ಮಾಡೆಲ್ ಸೆವೆನ್ 1983ರಲ್ಲಿ 18.5 ಇಂಚಿನ ನಳಿಗೆಯೊಂದಿಗೆ ಬಂದಿತ್ತು. ಹಳೇದು ಒಳ್ಳೇ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ.

ನೇರ ಗೋಡೆಯ ತೋಟಾ ಮಾತ್ರ ಬಿಡುವ ಪ್ರದೇಶದವರು .350 ಲೆಜೆಂಡ್‌ನಲ್ಲಿ 16-18 ಇಂಚು ನಿಶ್ಚಿಂತೆಯಿಂದ ಕೊಳ್ಳಬಹುದು. ಅದರಲ್ಲಿ ಮದ್ದು ಕಡಿಮೆ, ಸದ್ದೂ .308ರಷ್ಟು ಹೊಡೆಯುವುದಿಲ್ಲ. ಒಂದೇ ರೈಫಲ್ಲಿನಲ್ಲಿ ಕಾಡಿನ ಜಿಂಕೆಯೂ ಬೇಕು, ವರ್ಷಕ್ಕೊಮ್ಮೆ ಕೊಲೊರಾಡೊದ ಎಲ್ಕೂ (ದೊಡ್ಡ ಜಾತಿಯ ಜಿಂಕೆ) ಬೇಕು ಅನ್ನುವವರು 22 ಇಂಚಿಗೆ ನಿಲ್ಲಿ. ಅಟ್ಟಣೆಯಲ್ಲಿ ಒಂದಿಷ್ಟು ಕಿರಿಕಿರಿ ಆಗುತ್ತದೆ, ಆದರೆ ದೂರದ ಎಲ್ಕಿಗೆ ಬೇಕಾದ ವೇಗ ಕೈಯಲ್ಲಿರುತ್ತದೆ.

ಹಂತ 9: ತಂದಮೇಲೆ

ಡಬ್ಬಿಯ ಮೇಲಿನ ವೇಗವನ್ನು ನಂಬಿಕೊಂಡು ಕೂರಬೇಡಿ. ಯಾರ ಹತ್ತಿರವಾದರೂ ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ಕೇಳಿ ಪಡೆದು, ಬೇಟೆಗೆ ಬಳಸುವ ಅದೇ ತೋಟಾದ ಹತ್ತು ಗುಂಡು ಹಾರಿಸಿ ಸರಾಸರಿ ತೆಗೆಯಿರಿ. ಸಾಧ್ಯವಾದರೆ ಚಳಿಯ ದಿನವೇ ಹೋಗಿ. ಮದ್ದು ತಣ್ಣಗಿದ್ದಾಗ ವೇಗ ಇನ್ನಷ್ಟು ಇಳಿಯುತ್ತದೆ, ನವೆಂಬರಿನ ಬೆಳಿಗ್ಗೆ ಸಿಗುವುದು ಆ ವೇಗವೇ.

ಬಂದ ಸಂಖ್ಯೆಯನ್ನು ಬ್ಯಾಲಿಸ್ಟಿಕ್ ಆ್ಯಪ್‌ಗೆ ಹಾಕಿ. ಗುಂಡಿನ ಕನಿಷ್ಠ ವೇಗ ಯಾವ ಗಜದಲ್ಲಿ ಮುಗಿಯುತ್ತದೆ ನೋಡಿ, ಅದರಲ್ಲಿ 25 ಗಜ ಕಳೆಯಿರಿ. ಸಪ್ರೆಸರ್ ಹಾಕಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಹಾಕಿಕೊಂಡೇ ಮತ್ತೆ ಸೈಟ್ ಹೊಂದಿಸಿ. ಕಳೆದು ಬಂದ ಗಜದ ಸಂಖ್ಯೆಯನ್ನು ಸಣ್ಣ ಟೇಪಿನ ಮೇಲೆ ಬರೆದು, ಗುರಿ ಹಿಡಿಯುವಾಗ ಕಣ್ಣಿಗೆ ಬೀಳುವ ಹಾಗೆ ಸ್ಕೋಪಿನ ಹಿಂಬದಿಯ ಮುಚ್ಚಳಕ್ಕೆ ಅಂಟಿಸಿ. ಜಿಂಕೆ ಅದಕ್ಕಿಂತ ಆಚೆ ನಿಂತಿದ್ದರೆ ಕುದುರೆಯ ಮೇಲೆ ಬೆರಳಿಡಬೇಡಿ.